ಶನಿವಾರವೇ ಸುಮುಹೂರ್ತ

ಊರಿನಲ್ಲಿ ಶನಿವಾರಕ್ಕೆ ಅಷ್ಟೇನೂ ಒಳ್ಳೆಯ ಹೆಸರಿಲ್ಲ. ಶನಿವಾರ ಕಬ್ಬಿಣ ಕೊಳ್ಳಬಾರದು, ಎಣ್ಣೆ ಮನೆಗೆ ತರಬಾರದು, ಹೊಸ ಕೆಲಸಕ್ಕೆ ಕೈಹಾಕಬಾರದು. ಅದೇ ಶನಿವಾರ ಸಮುದ್ರ ದಾಟಿ ಅಮೆರಿಕಕ್ಕೆ ಬಂದದ್ದೇ ತಡ, ಅದರ ದೆಸೆ ತಿರುಗಿಬಿಟ್ಟಿತು. ಇಲ್ಲಿಯ ಕನ್ನಡಿಗರಿಗೆ ಯುಗಾದಿ ಶನಿವಾರ, ಗಣೇಶ ಶನಿವಾರ, ಸಂಕ್ರಾಂತಿ ಶನಿವಾರ. ಸೀಮಂತ, ನಾಮಕರಣ, ಗೃಹಪ್ರವೇಶವೂ ಶನಿವಾರ. ಕಾರು ಕೊಳ್ಳುವುದೂ ಅವತ್ತೇ, ಕಾಸ್ಟ್‌ಕೋದಿಂದ ಎಣ್ಣೆ ಡಬ್ಬ ಹೊತ್ತು ತರುವುದೂ ಅವತ್ತೇ. ಶನಿಮಹಾತ್ಮನಿಗೆ ಈ ದೇಶದಲ್ಲಿ ಗ್ರೀನ್ ಕಾರ್ಡ್ ಸಿಕ್ಕಷ್ಟು ಸಲೀಸಾಗಿ ನಮಗ್ಯಾರಿಗೂ ಸಿಗಲಿಲ್ಲ.

ಕನ್ನಡ ಕೂಟದ ಹಬ್ಬ ಯಾವತ್ತು ಎಂದು ತೀರ್ಮಾನಿಸುವವರು ಸೂರ್ಯಚಂದ್ರರಲ್ಲ, ಶಾಲೆಯ ಹಾಲನ್ನು ಬಾಡಿಗೆಗೆ ಕೊಡುವ ಪುಣ್ಯಾತ್ಗಿತ್ತಿ. ಆಕೆ ‘ಅವತ್ತು ಖಾಲಿ ಇದೆ’ ಎಂದ ದಿನವೇ ಶುಭದಿನ. ಹಾಲಿನೊಳಗೆ ಬೆಂಕಿ ಹಚ್ಚುವಂತಿಲ್ಲವಾದ್ದರಿಂದ ಮುಖ್ಯ ಅತಿಥಿಗಳು ದೀಪ ಬೆಳಗುವುದೆಂದರೆ ಬ್ಯಾಟರಿ ದೀಪದ ಗುಂಡಿ ಒತ್ತುವುದು. ರಾಜ್ಯೋತ್ಸವವನ್ನಂತೂ ದೀಪಾವಳಿಯ ಜೊತೆ ಕಟ್ಟಿ ಒಂದೇ ಬಾಡಿಗೆಯಲ್ಲಿ ಮುಗಿಸುವುದು ವಾಡಿಕೆ. ನವೆಂಬರ್ 1ರ ಹಿಂದಿನ ಸಂಜೆಯೇ ಹ್ಯಾಲೊವೀನ್. ಹಾಗಾಗಿ ನನ್ನ ಮಗಳು ಒಂದೇ ವಾರದಲ್ಲಿ ಮೊದಲು ಮಾಟಗಾತಿಯಾಗಿ ಬೀದಿ ಬೀದಿ ಅಲೆದು ಚಾಕಲೇಟು ಎತ್ತಿಕೊಂಡು ಬಂದು, ಆಮೇಲೆ ಕಿತ್ತೂರು ರಾಣಿ ಚೆನ್ನಮ್ಮನಾಗಿ ವೇದಿಕೆ ಏರಬೇಕು. ಶಾಲೆಯ ಆವರಣದಲ್ಲಿ ಆಟಿಕೆ ಕತ್ತಿಗೂ ಪ್ರವೇಶವಿಲ್ಲ. ಚೆನ್ನಮ್ಮ ಕೊನೆಗೆ ಮಾಟಗಾತಿಯ ಪೊರಕೆಯನ್ನೇ ಝಳಪಿಸಿ ‘ನಿಮಗೇಕೆ ಕೊಡಬೇಕು ಕಪ್ಪ’ ಎಂದು ಗುಡುಗಿದಳು. ಬ್ರಿಟಿಷರನ್ನು ಹಾಗೆ ಗುಡಿಸಿ ಹಾಕಿದ್ದು ನೋಡಿ ಸಭೆ ಬಿದ್ದುಬಿದ್ದು ನಕ್ಕಿತು, ಬಹುಮಾನವೂ ಬಂತು.

ಇಂಥ ಮನೆಗೆ ನಮ್ಮತ್ತೆ ಮೈಸೂರಿನಿಂದ ಬಂದರು. ಆರು ತಿಂಗಳ ವಾಸ್ತವ್ಯಕ್ಕೆ ಅವರು ಕೈಚೀಲದಲ್ಲಿ ತಂದದ್ದು ಬಿಪಿ ಮಾತ್ರೆ, ಜಪಸರ ಮತ್ತು ಒಂಟಿಕೊಪ್ಪಲ್ ಪಂಚಾಂಗ. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಹೆಚ್ಚುಕಡಿಮೆ ಇಡೀ ದೇಶ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದು ಕಂಡು ಅವರು ಕೇಳಿದ ಮೊದಲ ಪ್ರಶ್ನೆ: “ರಾಹುಕಾಲಾನೂ ಮುಂದಕ್ಕೆ ಹೋಗುತ್ತೋ, ಅಥವಾ ಅದು ಹಳೇ ಟೈಮಿಗೇ ಬರುತ್ತೋ?” ಇಂಜಿನಿಯರಾದ ಇವರು ಬಹಳ ಹೊತ್ತು ಯೋಚಿಸಿ, ಆಫೀಸಿನ ಮೀಟಿಂಗ್ ಇದೆ ಎಂದು ಎದ್ದು ಹೋದರು.

ಆದರೆ ನಿಜವಾದ ಪರೀಕ್ಷೆ ಬಂದದ್ದು 2024ರ ಏಪ್ರಿಲ್ 8ರಂದು. ಸೋಮವಾರ, ಅಮಾವಾಸ್ಯೆ, ಮರುದಿನ ಯುಗಾದಿ. ಅವತ್ತು ಮಧ್ಯಾಹ್ನ ಟೆಕ್ಸಾಸಿನ ನಮ್ಮ ಡಲ್ಲಾಸಿನ ನೆತ್ತಿಯ ಮೇಲೆಯೇ ಪೂರ್ಣ ಸೂರ್ಯಗ್ರಹಣ! ಆ ಹೊತ್ತಿಗೆ ಭಾರತದಲ್ಲಿ ನಡುರಾತ್ರಿ. ಆದ್ದರಿಂದ ಊರಿನವರಿಗೆ ಆಚರಣೆ ಇಲ್ಲ. ಮಗಳ ಶಾಲೆಯಲ್ಲಿ ಪ್ರತಿ ಮಗುವಿಗೂ ರಟ್ಟಿನ ಕನ್ನಡಕ ಹಂಚಿದ್ದರು.

“ಅಮ್ಮಾ, ನಿಮ್ಮ ಪಂಚಾಂಗದ ಪ್ರಕಾರ ನಮಗೆ ಗ್ರಹಣ ಇಲ್ಲ. ಆರಾಮಾಗಿ ಊಟ ಮಾಡಿ” ಎಂದರು ಇವರು.

ಅತ್ತೆ ಜಗ್ಗಲಿಲ್ಲ. “ಕಾಣೋ ಕಡೆ ಆಚರಿಸಬೇಕು ಅನ್ನೋದು ಶಾಸ್ತ್ರ. ಹೋದ ವಾರ ದೇವಸ್ಥಾನದಲ್ಲಿ ಅರ್ಚಕರು ಸಂಕಲ್ಪ ಹೇಳುವಾಗ ಜಂಬೂದ್ವೀಪ ಬಿಟ್ಟು ಕ್ರೌಂಚದ್ವೀಪ ಅಂದ್ರಲ್ಲ, ಕೇಳಿಸಿಕೊಳ್ಳಲಿಲ್ವೇನೋ? ದ್ವೀಪ ಬದಲಾದ ಮೇಲೆ ಗ್ರಹಣಾನೂ ಈ ದ್ವೀಪದ್ದೇ.”

ಇಂಥ ವಾದವನ್ನು ವಲಸೆ ಇಲಾಖೆಯ ವಕೀಲರೂ ಮಂಡಿಸಿದ್ದನ್ನು ನಾನು ಕೇಳಿಲ್ಲ. ಬೆಳಗಿನಿಂದ ಒಲೆ ಹಚ್ಚಲಿಲ್ಲ. ಪೂಜೆಯ ಡಬ್ಬದ ತಳದಲ್ಲಿ ನಾಲ್ಕೆಳೆ ದರ್ಭೆ ಸಿಕ್ಕಿತು. ಒಂದೆಳೆ ಉಪ್ಪಿನಕಾಯಿ ಜಾಡಿಗೆ, ಒಂದು ಹಾಲಿನ ಗ್ಯಾಲನ್ನಿಗೆ, ಒಂದು ಯುಗಾದಿಗೆಂದು ಬೇಯಿಸಿಟ್ಟಿದ್ದ ಹೂರಣಕ್ಕೆ. ಉಳಿದ ಒಂದೆಳೆಯನ್ನು ಇಡೀ ಫ್ರಿಜ್ಜಿನ ರಕ್ಷಣೆಗೆಂದು ಬಾಗಿಲಿನ ಮೇಲೆ, ನಯಾಗರ ಜಲಪಾತದ ಮ್ಯಾಗ್ನೆಟ್ಟಿನ ಅಡಿಯಲ್ಲಿ ಸಿಕ್ಕಿಸಿದರು. ಅದು ನಿಮಿಷಕ್ಕೊಮ್ಮೆ ಜಾರಿ ಬೀಳುತ್ತಿತ್ತು. ನಾವು ಸರದಿಯ ಮೇಲೆ ಎತ್ತಿ ಸಿಕ್ಕಿಸುತ್ತಿದ್ದೆವು.

ಬೆಳಗ್ಗೆಯಿಂದ ಕವಿದಿದ್ದ ಮೋಡ ಹೊತ್ತಿಗೆ ಸರಿಯಾಗಿ ಚದುರಿತು. ಶಾಲೆಯಿಂದ ಬೇಗ ಕರೆತಂದಿದ್ದ ಮಗಳು ಅಂಗಳದಿಂದ ಕೂಗಿದಳು: “ಅಜ್ಜಿ, ಬೇಗ ಬಾ! ಮಿಸ್ ಮಾಡಿದ್ರೆ ಇನ್ನು 2044ರ ತನಕ ಈ ಕಡೆ ಇಲ್ಲ.” ಒಳಗೆ ಜಪಕ್ಕೆ ಕೂತಿದ್ದ ಅತ್ತೆಯ ತುಟಿ ನಿಂತಿತು. 2044ಕ್ಕೆ ತಮಗೆಷ್ಟು ವಯಸ್ಸು ಎಂದು ಲೆಕ್ಕ ಹಾಕಿದರೆಂದು ಕಾಣುತ್ತದೆ. ತಲೆಯ ಮೇಲೆ ಸೆರಗು ಹೊದ್ದು, ಕನ್ನಡಕದ ಮೇಲೆ ರಟ್ಟಿನ ಕನ್ನಡಕ ಏರಿಸಿ, ಜಪಸರದ ಸಮೇತ ಹೊರಗೆ ಬಂದೇಬಿಟ್ಟರು.

1 ಗಂಟೆ 40 ನಿಮಿಷದ ಹೊತ್ತಿಗೆ ಕತ್ತಲಾಯಿತು. ಬೀದಿ ದೀಪಗಳು ತಾವಾಗಿಯೇ ಹೊತ್ತಿಕೊಂಡವು, ಹಕ್ಕಿಗಳು ಗಪ್‌ಚಿಪ್. ಮೂರು ನಿಮಿಷಕ್ಕೂ ಮಿಕ್ಕಿ ಇಡೀ ಬೀದಿ ಬಾಯಿ ತೆರೆದು ನಿಂತಿತ್ತು. ಅತ್ತೆ ಮಾತ್ರ ರಾಹುವಿನ ಬಾಯಿಂದ ಕಣ್ಣು ಕಿತ್ತು ಪಕ್ಕದ ಮನೆಯ ಕಡೆ ನೋಡುತ್ತಿದ್ದರು. ಅಲ್ಲಿ ಹ್ಯಾಟು ಹಾಕಿದ ನೆರೆಯಾತ ಅಂಗಳದಲ್ಲೇ ಬಾರ್ಬೆಕ್ಯೂ ಒಲೆ ಹಚ್ಚಿ, ಗೆಳೆಯರನ್ನು ಸೇರಿಸಿ, ತಟ್ಟೆ ತುಂಬ ತಿನ್ನುತ್ತಿದ್ದ. “ಗ್ರಹಣ ಹಿಡಿದಿರೋವಾಗ ಊಟ ಮಾಡ್ತಾನಲ್ಲೇ! ಯಾರಾದ್ರೂ ಹೇಳಬಾರದಾ ಅವನಿಗೆ?” ಆತನಿಗೆ ಅತ್ತೆಯ ಕಳವಳ ಉತ್ಸಾಹದಂತೆ ಕಂಡಿರಬೇಕು, ಬೇಲಿಯ ಆಚೆಯಿಂದ ಕೈಬೀಸಿ ಒಂದು ಕುರ್ಚಿ, ಒಂದು ಪೊಟ್ಟಣ ಚಿಪ್ಸ್ ದಾಟಿಸಿದ. ಕುರ್ಚಿಯಲ್ಲಿ ಅತ್ತೆ ಕೂತರು. ಚಿಪ್ಸ್ ಮೂರು ಗಂಟೆಯ ಮೋಕ್ಷಸ್ನಾನದ ತನಕ ಮಡಿಲಲ್ಲೇ ಇತ್ತು, ಆಮೇಲೆ ಖಾಲಿಯಾಯಿತು.

ಮರುವರ್ಷ ಅವರು ಮೈಸೂರಿಗೆ ಮರಳಿದ್ದರು. 2025ರ ಯುಗಾದಿ ಊರಿನಲ್ಲಿ ಮಾರ್ಚ್ 30, ಭಾನುವಾರ. ನಮ್ಮ ಲೆಕ್ಕವೇ ಬೇರೆ. ಪಾಡ್ಯ ಶುರುವಾಗುವ ಗಳಿಗೆ ಲೋಕಕ್ಕೆಲ್ಲ ಒಂದೇ, ಆದರೆ ಹಬ್ಬ ನಿಲ್ಲುವುದು ಆಯಾ ಊರಿನ ಸೂರ್ಯೋದಯದ ಮೇಲೆ. ಆ ಶನಿವಾರ ಮೈಸೂರಿನಲ್ಲಿ ಸಂಜೆ ನಾಲ್ಕೂವರೆ ಸುಮಾರಿಗೆ ಅಮಾವಾಸ್ಯೆ ಕಳೆದಾಗ ಡಲ್ಲಾಸಿನಲ್ಲಿ ಬೆಳಗಿನ ಜಾವ ಆರು ಗಂಟೆ, ಸೂರ್ಯ ಇನ್ನೂ ಎದ್ದಿರಲಿಲ್ಲ. ಎದ್ದಾಗ ಪಾಡ್ಯ ಬಂದಾಗಿತ್ತು. ಅಂದರೆ ನಮಗೆ 29ರ ಶನಿವಾರವೇ ಯುಗಾದಿ! ಕೂಟದ ದಯೆಯಿಂದಲ್ಲ, ಸಾಕ್ಷಾತ್ ಚಂದ್ರನೇ ಒಪ್ಪಿ ಶನಿವಾರಕ್ಕೆ ಬಂದಿದ್ದ. ಇಂಥ ಯೋಗ ಒದಗಿದ ದಿನವೇ ಹಾಲನ್ನು ವಾಲಿಬಾಲ್ ಪಂದ್ಯಕ್ಕೆ ಕೊಟ್ಟುಬಿಟ್ಟಿದ್ದರು.

ಬೆಳಗ್ಗೆಯೇ ಅತ್ತೆಗೆ ಫೋನ್ ಮಾಡಿ ನಮಸ್ಕಾರ ಹೇಳಿದೆ.

“ಅಯ್ಯೋ, ಇವತ್ತೇನೇ ಹಬ್ಬ? ಶನಿವಾರ, ಅದರ ಮೇಲೆ ಅಮಾವಾಸ್ಯೆ! ಮಗೂಗೆ ಹೊಸ ಬಟ್ಟೆ ಹಾಕಿಬಿಟ್ಯಾ?”

“ಇಲ್ಲಿ ಪಾಡ್ಯ ಬಂದಿದೆ ಅತ್ತೆ. ದ್ವೀಪ ಬೇರೆ ಅಂತ ಹೋದ ವರ್ಷ ನೀವೇ ಹೇಳಿದ್ರಲ್ಲ.”

“ಅದು ಗ್ರಹಣಕ್ಕೆ ಕಣಮ್ಮಾ. ಹಬ್ಬಕ್ಕಲ್ಲ.”

ಇದಕ್ಕೆ ಮೇಲ್ಮನವಿ ಇಲ್ಲ. ಆ ವರ್ಷ ದ್ವೀಪದ ಪ್ರಕಾರ ಶನಿವಾರ ಒಬ್ಬಟ್ಟು ತಿಂದೆವು, ಅತ್ತೆಯ ಪ್ರಕಾರ ಭಾನುವಾರ ತಿಂದೆವು, ಹಾಲ್ ಸಿಕ್ಕಿದ ಪ್ರಕಾರ ಏಪ್ರಿಲ್ ನಡುವಿನ ಇನ್ನೊಂದು ಶನಿವಾರ ತಿಂದೆವು. ಒಬ್ಬಟ್ಟಿಗೇನೋ ತೊಂದರೆಯಾಗಲಿಲ್ಲ. ಬೇವಿನದೇ ಕಷ್ಟ. ಇಂಡಿಯನ್ ಅಂಗಡಿಯಲ್ಲಿ ಜಿಪ್ ಕವರಿನಲ್ಲಿ ಬರುವ ಬೇವಿನೆಲೆ ಹಬ್ಬದ ವಾರ ಕಳೆದ ಮೇಲೆ ಮಾಯ. ಮೂರನೆಯ ಯುಗಾದಿಗೆ ಕೂಟದ ಕಾರ್ಯದರ್ಶಿ ಔಷಧಿ ಅಂಗಡಿಯಿಂದ ಬೇವಿನ ಕ್ಯಾಪ್ಸೂಲ್ ತಂದು, ಒಂದೊಂದನ್ನೇ ಬಿಚ್ಚಿ ಹಸಿರು ಪುಡಿಯನ್ನು ಬೆಲ್ಲದ ಮೇಲೆ ಉದುರಿಸುತ್ತಾ ನಿಂತಿದ್ದರು. ಡಬ್ಬದ ಮೇಲೆ ‘ದಿನಕ್ಕೆ ಎರಡು, ಊಟದ ಜೊತೆ’ ಎಂದು ಬರೆದಿತ್ತು. ಮಕ್ಕಳು ಸಾಲಾಗಿ ಬಂದು ನೆಕ್ಕಿದರು, ಸಾಲಾಗಿ ಮುಖ ಕಿವುಚಿದರು. ಅಲ್ಲಿಗೆ ಶಾಸ್ತ್ರ ಸಾಂಗವಾಯಿತು.

ಊರಿನ ಬಂಧುಗಳಲ್ಲಿ ಒಂದು ವಿನಂತಿ. ಹಬ್ಬದ ದಿನ ಫೋನ್ ಮಾಡಿದಾಗ ‘ಹಬ್ಬ ಆಯ್ತಾ’ ಎಂದು ಕೇಳಬೇಡಿ. ಉತ್ತರ ಹೇಳಲು ನಮಗೆ ನಕ್ಷೆ, ಗಡಿಯಾರ, ಶಾಲೆಯ ಕ್ಯಾಲೆಂಡರು ಎಲ್ಲ ಬೇಕಾಗುತ್ತದೆ. ‘ಎಷ್ಟನೇ ಸಲದ್ದು ನಡೀತಿದೆ’ ಎಂದು ಕೇಳಿ, ಥಟ್ಟನೆ ಹೇಳುತ್ತೇವೆ.