ಡ್ರ್ಯಾಗನ್‌ಗೆ ಕತ್ತರಿ

ಜನಪ್ರಿಯ ಡ್ರ್ಯಾಗನ್ ಕಾದಂಬರಿಯನ್ನು ಮನೆಮಂದಿಯೆಲ್ಲ ನೋಡುವ ಸಿನಿಮಾ ಮಾಡುವ ಕ್ರಮಕ್ಕೆ 2006ರ ಹಾಲಿವುಡ್ ಚಿತ್ರ ‘ಎರಗಾನ್’ ತಕ್ಕ ಮಾದರಿ. ಕ್ರಿಸ್ಟೋಫರ್ ಪಾವೊಲಿನಿ ಹದಿಹರೆಯದಲ್ಲೇ ಬರೆಯತೊಡಗಿದ ಈ ಕಾದಂಬರಿಯನ್ನು ಮೊದಲು ಅವರ ಕುಟುಂಬವೇ ಅಚ್ಚು ಹಾಕಿಸಿತ್ತು. ಪುಸ್ತಕ ಸುಮಾರು 500 ಪುಟ. ಚಿತ್ರ ಎರಡು ಗಂಟೆಗೂ ಕಡಿಮೆ. ಕತ್ತರಿ ಆಡುವ ಬಗೆಯನ್ನು ಈ ಕಲ್ಪಿತ ಸಂವಾದ ಹಂತಹಂತವಾಗಿ ತೋರಿಸುತ್ತದೆ.

ಮೊದಲ ಹಂತ: ಬೆಳವಣಿಗೆ.

ಚಿತ್ರಕಥೆಗಾರ: ಡ್ರ್ಯಾಗನ್ ಮರಿ ಸಫೀರಾ ಬೆಳೆಯಲು ತಿಂಗಳುಗಳು ಬೇಕು.

ನಿರ್ಮಾಪಕ: ಅಷ್ಟರಲ್ಲಿ ಪಾಪ್‌ಕಾರ್ನ್ ಮುಗಿದಿರುತ್ತದೆ. ಆಕಾಶಕ್ಕೆ ಹಾರಿಸಿ, ನಾಲ್ಕು ಮಿಂಚು ಮಿಂಚಿಸಿ, ದೊಡ್ಡದು ಮಾಡಿ ಇಳಿಸಿ.

ಎರಡನೆಯದು: ಪಾತ್ರವರ್ಗ.

ಚಿತ್ರಕಥೆಗಾರ: ಮಾತಾಡುವ ಬೆಕ್ಕು ಸೋಲೆಂಬಮ್?

ನಿರ್ಮಾಪಕ: ಡ್ರ್ಯಾಗನ್ ಮಾತಾಡುತ್ತದಲ್ಲ, ಸಾಕು.

ಚಿತ್ರಕಥೆಗಾರ: ಎಲ್ಫ್ ಆರ್ಯಾಳ ಚೂಪು ಕಿವಿ?

ನಿರ್ಮಾಪಕ: ಮುಖ ಚೆನ್ನಾಗಿರುವಾಗ ಕಿವಿ ಯಾರು ನೋಡುತ್ತಾರೆ?

ಮೂರನೆಯದು: ಖಳರ ವಿಲೇವಾರಿ.

ನಿರ್ಮಾಪಕ: ಆ ರಾಝಾಕ್‌ಗಳನ್ನು ಇಲ್ಲೇ ಕೊಂದುಬಿಡಿ. ಮಕ್ಕಳು ನಿಶ್ಚಿಂತೆಯಿಂದ ಮಲಗಲಿ.

ಚಿತ್ರಕಥೆಗಾರ: ಮುಂದಿನ ಪುಸ್ತಕದಲ್ಲಿ ಅವರಿಗೆ ಕೆಲಸವಿದೆ ಸಾರ್.

ನಿರ್ಮಾಪಕ: ಮುಂದಿನದರ ಚಿಂತೆ ಮುಂದಿನದಕ್ಕೆ.

ಕೊನೆಯದು: ಖರ್ಚಿನ ಹಂಚಿಕೆ. ನಿರ್ದೇಶಕ ಸ್ಟೀಫನ್ ಫಾಂಗ್‌ಮೈಯರ್ ಮೂಲತಃ ದೃಶ್ಯ ಪರಿಣಾಮಗಳ ತಜ್ಞ. ಸಫೀರಾಗೆ ರೆಕ್ಕೆಯೂ ಬಂತು, ರೇಚಲ್ ವೈಸ್ ಅವರ ದನಿಯೂ ಬಂತು. ಕಥೆಗೆ ಮಾತ್ರ ಉಸಿರಾಡಲು ಬಿಡುವು ಸಿಗಲಿಲ್ಲ. ವಿಮರ್ಶಕರು ಮುಖ ಸಿಂಡರಿಸಿದರು, ಓದುಗರು ಪುಸ್ತಕ ಹಿಡಿದು ಲೆಕ್ಕ ಕೇಳಿದರು. ಎರಡನೆಯ ಭಾಗ ಚಿತ್ರವಾಗಲೇ ಇಲ್ಲ. ನಿರ್ಮಾಪಕರು ಮುಂದಕ್ಕೆ ಹಾಕಿದ ಚಿಂತೆಯೂ ಹೀಗೆ ಪರಿಹಾರವಾಯಿತು.