ಷೆಂಗೆನ್ ಸುಪುತ್ರ

ಅರಸೀಕೆರೆಯ ಯಾವ ಬೀದಿಗೆ ಹೋದರೂ ಈಗ ಇವನ ಒಂದು ಪ್ರತಿ ಸಿಗುತ್ತದೆ. ಅಪ್ಪನ ತೆಂಗಿನ ತೋಟದ ಹೆಸರಲ್ಲೋ ಮಂಡಿಯ ಹೆಸರಲ್ಲೋ ಗುರುತಿಸಿಕೊಳ್ಳುತ್ತಿದ್ದ ಹುಡುಗ ಜರ್ಮನಿಗೆ ಎಂ.ಎಸ್. ಮಾಡಲು ಹೋದ ಮೇಲೆ ಬೀದಿಯವರ ಬಾಯಲ್ಲಿ ‘ಷೆಂಗೆನ್’ ಆಗಿದ್ದಾನೆ. ಹೆಸರು ಅವನೇ ತಂದುಕೊಂಡದ್ದು; ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ ಹೆಸರದು. ಫೋನ್ ಮಾಡಿದಾಗಲೆಲ್ಲ “ಷೆಂಗೆನ್ ಒಳಗೆ ಎಲ್ಲಿ ಬೇಕಾದ್ರೂ ಓಡಾಡಬಹುದು, ಷೆಂಗೆನ್ ಒಳಗೆ ಯಾರೂ ತಡೆಯಲ್ಲ” ಎಂದು ಹೇಳಿ ಹೇಳಿ, ಅವನ ತಾಯಿ ಅದನ್ನು ಮಗನಿರುವ ಹಾಸ್ಟೆಲ್ಲಿನ ಹೆಸರೆಂದು ತಿಳಿದರು. ತಿಳಿದದ್ದನ್ನು ನೆಂಟರಿಗೆಲ್ಲ ಹೇಳಿದರು. “ತಡೆಯೋರೇ ಇಲ್ವಂತೆ, ಎಂಥ ಹಾಸ್ಟೆಲ್ಲೋ ಏನೋ” ಎಂದು ನೆಂಟರು ಮರುಗಿದರು.

ಅವನನ್ನು ಕಳಿಸಿದ ಲೆಕ್ಕ ಕೇಳಬೇಕಾದರೆ ಅವನಪ್ಪನ ಬಾಯಲ್ಲೇ ಕೇಳಬೇಕು. ಜರ್ಮನಿಯಲ್ಲಿ ಓದುವ ನಮ್ಮ ಹುಡುಗರು ವರ್ಷದ ಖರ್ಚಿಗೆಂದು 11,904 ಯೂರೋವನ್ನು ಮೊದಲೇ ಒಂದು ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ಅಲ್ಲಿಂದ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. “ನಮ್ಮ ದುಡ್ಡನ್ನೇ ಇಸ್ಕೊಂಡು, ನಮಗೇ ತಿಂಗಳಿಗಿಷ್ಟು ಅಂತ ಅಳೆದು ಕೊಡ್ತಾರೆ ಕಣಪ್ಪ. ಇಂಥ ಯಾಪಾರ ನಮ್ಮ ಮಂಡಿಯೋರಿಗೂ ಹೊಳೆದಿರಲಿಲ್ಲ” ಎನ್ನುತ್ತಾರೆ ಅವರು. ಯೂರೋ ನೂರು ರೂಪಾಯಿಯ ಆಸುಪಾಸಿಗೆ ಬಂದಾಗ ಅವರು ಬೆರಳೆಣಿಸಿ ಕಂಡುಕೊಂಡದ್ದು ಇಷ್ಟು: 2025ರ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ, ಹಾಗಾಗಿ ಮಗನ ಒಂದು ವರ್ಷ ಎಂದರೆ ನೂರು ಕ್ವಿಂಟಲ್‌ಗೆ ಒಂದೆರಡು ಕಮ್ಮಿ. ಅಂದಿನಿಂದ ಅವರ ಮಟ್ಟಿಗೆ ಯೂರೋ ಎಂಬ ನಾಣ್ಯವೇ ಇಲ್ಲ. ಮಗ ಪ್ಯಾರಿಸ್ಸಿನಲ್ಲಿ ಒಂದು ಕಾಫಿ ಕುಡಿದೆನೆಂದರೆ ಇವರ ಕಣ್ಣ ಮುಂದೆ ಹತ್ತಾರು ಕೊಬ್ಬರಿ ಗಿಟುಕು ಉರುಳಿಹೋಗುತ್ತವೆ.

ಇಷ್ಟು ಕೊಬ್ಬರಿ ಸುರಿದ ಮೇಲೆ ಹುಡುಗ ಓದಲೇಬೇಕಲ್ಲ. ಓದುತ್ತಾನೆ. ಆದರೆ ಅಲ್ಲಿ ಚಳಿಗಾಲದ ಪಾಠ ಫೆಬ್ರವರಿಯಲ್ಲಿ ಮುಗಿದರೆ ಮುಂದಿನ ಪಾಠ ಶುರುವಾಗುವುದು ಏಪ್ರಿಲ್‌ನಲ್ಲಿ. ನಡುವಿನದಕ್ಕೆ ರಜೆ ಎಂದು ಹೆಸರು. ಪರೀಕ್ಷೆಗಳನ್ನೂ ಆ ರಜೆಯೊಳಗೇ ತುರುಕಿರುತ್ತಾರೆ ಎಂಬ ಸಂಗತಿಯನ್ನು ಷೆಂಗೆನ್ ಮನೆಯವರಿಗೆ ತಿಳಿಸಿಲ್ಲ, ಮನೆಯವರು ಕೇಳಿಲ್ಲ. ಮಾರ್ಚ್ ಬಂತೆಂದರೆ ಬೆನ್ನಿಗೊಂದು ಚೀಲ ಏರಿಸಿ ಹೊರಟುಬಿಡುತ್ತಾನೆ: ಬ್ರಸೆಲ್ಸ್, ಪ್ಯಾರಿಸ್, ಮಿಲಾನ್, ಪೀಸಾ, ರೋಮ್, ವಿಯೆನ್ನಾ, ಪ್ರಾಗ್.

ಈ ಪ್ರಯಾಣದ ಮೇಲೆ ಅವನಿಗಿರುವ ಹೆಮ್ಮೆಯೇನೆಂದರೆ, ತಾನು ಯುರೋಪಿನವರಂತೆ ತಿರುಗಾಡುವುದನ್ನು ಕಲಿತೆ ಎಂಬುದು. ಅವನ ಅಜ್ಜಿಯ ಕಾಶಿಯಾತ್ರೆಯನ್ನು ಕಂಡವರಿಗೆ ಹಾಗನ್ನಿಸುವುದಿಲ್ಲ. ಲಾಡ್ಜಿನ ಬಾಡಿಗೆ ಉಳಿಯಲೆಂದು ಅಜ್ಜಿಯ ಗುಂಪು ರಾತ್ರಿ ಬಸ್ಸಿನಲ್ಲೇ ಮಲಗಿ ಊರಿಂದೂರಿಗೆ ಹೋಗಿತ್ತು. ಇವನೂ ಹಾಗೇ ಹೋದ, ಬಸ್ಸಿನ ಬಣ್ಣ ಹಸಿರು ಅಷ್ಟೇ. ಅಜ್ಜಿ ರೊಟ್ಟಿ, ಚಟ್ನಿಪುಡಿ ಗಂಟು ಕಟ್ಟಿಕೊಂಡಿದ್ದರು. ಇವನ ಜಾಕೆಟ್ಟಿನ ಒಳಜೇಬಿನಲ್ಲಿ ಅದೇ ಚಟ್ನಿಪುಡಿ, ಅದೇ ಡಬ್ಬಿಯದು. ಅಗ್ಗದ ವಿಮಾನದವರು ಕೈಚೀಲವನ್ನು ಗೇಣುಗೇಣು ಅಳೆಯುತ್ತಾರಾದ್ದರಿಂದ ಮೂರು ಅಂಗಿ, ಎರಡು ಜಾಕೆಟ್ ಮೈಮೇಲೇ ಹೇರಿಕೊಂಡು ಏರಿದ. ಅಜ್ಜಿ ಬದರಿಗೆ ಹೋದಾಗಲೂ ಇದೇ ವೇಷ. ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಯುರೋಪಿನಲ್ಲಿ ನೆಲೆಸಿರುವ 26 ತುಂಬದ ಹುಡುಗರಿಗೆ ಟಿಕೆಟ್ ಇಲ್ಲ. ಇವನು ಆ ಧರ್ಮದರ್ಶನದ ಸಾಲಿನಲ್ಲಿ ನಿಂತ. ನಿಂತು, ಸರಿದು, ನಿಂತು, ಕೊನೆಗೆ ಮೊನಾಲಿಸಾ ಎದುರಿಗೆ ಬಂದಾಗ ಚಿತ್ರ ಬರೀ 77 ಸೆಂಟಿಮೀಟರ್ ಎತ್ತರ, 53 ಅಗಲ, ಮುಂದೆ ಗಾಜು, ಮಧ್ಯೆ ಇನ್ನೂರು ಮಂದಿ ಎತ್ತಿಹಿಡಿದ ಫೋನುಗಳು. “ಸರಿಯಾಗಿ ಕಂಡಿತೇನಪ್ಪ?” ಎಂದು ಅಜ್ಜಿ ಕೇಳಿದ್ದಕ್ಕೆ “ಒಂದು ಕ್ಷಣ ಕಂಡಿತು, ಅಷ್ಟರಲ್ಲಿ ತಳ್ಳಿಬಿಟ್ರು” ಎಂದ. ಅಜ್ಜಿಗೆ ಪೂರ್ತಿ ಅರ್ಥವಾಯಿತು. “ತಿಮ್ಮಪ್ಪನೂ ಅಷ್ಟೇ. ಕಂಡಷ್ಟೇ ಪುಣ್ಯ” ಎಂದರು.

ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಅಮೆರಿಕಕ್ಕೆ ಹೋಗಿಬಂದು ಪುಸ್ತಕ ಬರೆದರು, ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಷೆಂಗೆನ್ ಬರೆಯುವ ಗೋಜಿಗೆ ಹೋಗುವವನಲ್ಲ. ‘ನಮ್ಮ ಕುಟುಂಬ’ ಎಂಬ ವಾಟ್ಸಾಪ್ ಗುಂಪಿಗೆ ಫೋಟೋ ಸುರಿಯುತ್ತಾನೆ. ಎಲ್ಲ ಫೋಟೋದಲ್ಲೂ ಮುಕ್ಕಾಲು ಭಾಗ ಅವನು, ಕಾಲು ಭಾಗ ಯುರೋಪು. ಐಫೆಲ್ ಗೋಪುರ ಅವನ ಹೆಬ್ಬೆರಳು ತೋರುಬೆರಳ ನಡುವೆ. ಪೀಸಾದ ಗೋಪುರ ಬೀಳದಂತೆ ಅವನೇ ಅಂಗೈ ಕೊಟ್ಟು ನಿಂತಿದ್ದಾನೆ. ಗುಂಪಿನ ಪ್ರತಿಕ್ರಿಯೆಗಳೂ ಮೊದಲೇ ಗೊತ್ತಿರುವಂಥವು. ಸೋದರಮಾವ: “ಕಿವಿಗೆ ಹತ್ತಿ ಇಟ್ಕೊಳೋ.” ಚಿಕ್ಕಮ್ಮ: “ಇಳಿದುಹೋಗಿದೀಯ.” ಅಪ್ಪ ಮಾತಾಡಿದ್ದು ಒಮ್ಮೆ ಮಾತ್ರ. ಅಲ್ಲಿಯ ಅಂಗಡಿಯೊಂದರಲ್ಲಿ ಜುಟ್ಟಿಲ್ಲದ ಬೋಳು ತೆಂಗಿನಕಾಯಿಯೊಂದನ್ನು ಬೆಲೆ ಚೀಟಿಯ ಸಮೇತ ಮಗ ಕಳಿಸಿದ್ದ. ಅಪ್ಪ ಅದನ್ನು ಹಿಗ್ಗಿಸಿ, ಕನ್ನಡಕ ಹಾಕಿ, ಇನ್ನೂ ಹಿಗ್ಗಿಸಿ ನೋಡಿ ಬರೆದರು: “ನಮಗೂ ಇದಕ್ಕೂ ಮಧ್ಯೆ ಎಷ್ಟು ಜನ ಅವ್ರೆ, ವಿಚಾರಿಸು.” ಯುರೋಪಿನ ಬಗ್ಗೆ ಆ ಗುಂಪಿನಲ್ಲಿ ಬಂದ ಅತ್ಯಂತ ಒಳ್ಳೆಯ ಪ್ರಶ್ನೆ ಅದೇ ಎಂದು ನನ್ನ ಅಭಿಪ್ರಾಯ. ಉತ್ತರ ಇನ್ನೂ ಬಂದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಇವನನ್ನು ಮೆಚ್ಚಲೇಬೇಕು. ಎಂಥ ರಾಕ್ಷಸ ನಿಲ್ದಾಣದಲ್ಲೂ ರೈಲು ಬದಲಿಸುವುದರಲ್ಲಿ ತಪ್ಪುವವನಲ್ಲ. ಹುಟ್ಟಿದ್ದು ಬೆಂಗಳೂರು, ಹುಬ್ಬಳ್ಳಿ, ಹಾಸನದ ಹಳಿಗಳು ಸೇರುವ ಜಂಕ್ಷನ್ನಿನಲ್ಲಿ. ಫ್ರಾಂಕ್‌ಫರ್ಟಿನಲ್ಲಿ ಪ್ಲಾಟ್‌ಫಾರಂ ಕೊನೇ ಗಳಿಗೆಯಲ್ಲಿ ಬದಲಾದಾಗ ಜರ್ಮನ್ನರೇ ಕಂಗಾಲಾಗಿ ನಿಂತಿದ್ದರಂತೆ. ಇವನು ಘೋಷಣೆ ಮುಗಿಯುವ ಮೊದಲೇ ಮೆಟ್ಟಿಲ ಮೇಲಿದ್ದ.

ಮಾರನೇ ವರ್ಷದ ಮಾರ್ಚಿನಲ್ಲಿ ಊರಿಗೇ ಬಂದ. ಜೊತೆಗೆ ಇಬ್ಬರು ಜರ್ಮನ್ ಸಹಪಾಠಿಗಳು: ಒಬ್ಬ ಹುಡುಗ, ಒಬ್ಬಳು ಹುಡುಗಿ. ಒಬ್ಬಳೇ ಬಂದಿದ್ದರೆ ಬೀದಿಯವರು ಆ ಸಂಜೆಯೇ ಲಗ್ನ ಮುಗಿಸಿಬಿಡುತ್ತಿದ್ದರು; ಇಬ್ಬರಾದ್ದರಿಂದ ಯಾರು ಯಾರಿಗೆ ಎಂದು ಇತ್ಯರ್ಥವಾಗದೆ ವಿಷಯ ಹಾಗೇ ಉಳಿಯಿತು. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದನ್ನು ಅವರಿಬ್ಬರೂ ಓದಿಕೊಂಡಿದ್ದರು. ನಿಮ್ಮೂರಲ್ಲೇ 1220ರ ಶಿವಾಲಯವಿದೆಯಲ್ಲ, ಹದಿನಾರು ಮೂಲೆಗಳ ನಕ್ಷತ್ರದ ಮಂಟಪ, ಅದನ್ನು ಮೊದಲು ತೋರಿಸು ಎಂದರು. ಷೆಂಗೆನ್‌ಗೆ ಶಿವಾಲಯ ಗೊತ್ತಿಲ್ಲದೆ ಏನು? ಅದರ ಪಕ್ಕದಲ್ಲೇ ಕ್ರಿಕೆಟ್ ಆಡಿ ಬೆಳೆದವನು. ಮೂಲೆಗಳನ್ನು ಎಣಿಸಿರಲಿಲ್ಲ, ಅಷ್ಟೇ.

ಶಿವಾಲಯ ಮುಗಿಸಿ, ಬೇಲೂರಿಗೆಂದು ಕಾರು ಹತ್ತಿ ಹೊರಟರು. ಜಾವಗಲ್ ಬಂದಾಗ ಅಲ್ಲಿಯ ಲಕ್ಷ್ಮೀನರಸಿಂಹ ದೇವಾಲಯವೂ ಹೊಯ್ಸಳರದೇ ಅಲ್ಲವೇ ಎಂದು ಹುಡುಗಿ ಕೇಳಿದಳು. ಇವನ ಬಳಿ ಹೇಳಲು ಇದ್ದದ್ದು ಕ್ರಿಕೆಟಿಗ ಶ್ರೀನಾಥ್ ಒಬ್ಬರೇ. ಜರ್ಮನ್ನರಿಗೆ ಕ್ರಿಕೆಟ್ ತಿಳಿಯದ್ದರಿಂದ ಅದೂ ದಂಡವಾಯಿತು. ಹಳೇಬೀಡು ದಾರಿಯಲ್ಲೇ ಸಿಕ್ಕರೂ ವಾಪಸ್ ಬರುವಾಗ ನೋಡೋಣವೆಂದು ಮುಂದಿನ 16 ಕಿಲೋಮೀಟರ್ ಓಡಿಸಿ ಬೇಲೂರು ಮುಟ್ಟಿದರು. ಬಿಸಿಲು ನೆತ್ತಿಗೆ ಬಂದಿತ್ತು. ಚಪ್ಪಲಿ ಬಿಟ್ಟು ದೇವಾಲಯದ ಅಂಗಳಕ್ಕೆ ಇಳಿಯುವಾಗ ವಿದೇಶಿಯರಿಬ್ಬರೂ ಚೀಲದಿಂದ ದಪ್ಪ ಕಾಲುಚೀಲ ತೆಗೆದು ಹಾಕಿಕೊಂಡರು. ಸ್ಥಳೀಯನು ಬರಿಗಾಲಲ್ಲಿ ಕುಣಿಯುತ್ತಾ ನೆರಳು ಹುಡುಕಿದ.

ಗೈಡ್ ನುರಿತವರು, ಐವತ್ತರ ಮೇಲಿನವರು. “ಅಬ್ಸರ್ವ್ ಸರ್” ಎಂದು ಆರಂಭಿಸಿದರು. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದದ್ದು, ಕೆಲಸ ಪೂರ್ತಿಯಾಗಲು 103 ವರ್ಷ ಹಿಡಿಯಿತು ಎಂದು ಪ್ರತೀತಿ. ಷೆಂಗೆನ್ ತಡೆಯಲಾರದೆ ನಡುವೆ ಬಾಯಿ ಹಾಕಿದ:

“ನೂರ ಮೂರು ಏನೂ ಅಲ್ಲ ಸರ್. ಕಲೋನ್ ಕಥೀಡ್ರಲ್ 1248ರಲ್ಲಿ ಶುರುವಾಗಿ ಮುಗಿದಿದ್ದು 1880ರಲ್ಲಿ. ಆರುನೂರ ಮೂವತ್ತೆರಡು ವರ್ಷ!”

ಗೈಡ್ ಕ್ಷಣ ಯೋಚಿಸಿದರು. “ಕಂಟ್ರಾಕ್ಟರು ನಮ್ಮ ಕಡೆಯೋನೇ ಇರ್ಬೇಕು ಸಾರ್.”

ಅಲ್ಲಿಂದ ಮುಂದೆ ಇಬ್ಬರ ನಡುವೆ ಜುಗಲ್ಬಂದಿ ನಡೆಯಿತು. ಗೈಡ್ ಮದನಿಕೆಯರು 42 ಎಂದರೆ ಇವನು ಕಲೋನಿನ ಗೋಪುರಕ್ಕೆ 533 ಮೆಟ್ಟಿಲು ಎಂದ. ಗೈಡ್ ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ, ಅದಕ್ಕೇ ಬಳೆ ಉಂಗುರಗಳನ್ನೂ ಬಿಡಿಸಿ ಕೆತ್ತಲು ಆಯಿತು ಎಂದು ವಿವರಿಸಿದರೆ ಇವನು ಇಟಲಿಯ ಅಮೃತಶಿಲೆ ಎತ್ತಿದ. ಹುಡುಗಿ ಮಾತ್ರ ಇಬ್ಬರನ್ನೂ ಬಿಟ್ಟು ಒಂದು ಮದನಿಕೆಯ ಪಾದದ ಕೆಳಗಿನ ಅಕ್ಷರಗಳ ಫೋಟೋ ತೆಗೆಯುತ್ತಿದ್ದಳು. “ಇದು ನಿನ್ನ ಭಾಷೆಯಲ್ಲವೇ, ಓದು” ಎಂದಳು. ಷೆಂಗೆನ್ ಬಗ್ಗಿ ನೋಡಿದ, ಕತ್ತು ಓರೆ ಮಾಡಿ ನೋಡಿದ, ಫೋನಿನ ಕ್ಯಾಮೆರಾ ಹಿಡಿದು ಅನುವಾದಿಸಲು ನೋಡಿದ. ಹನ್ನೆರಡನೇ ಶತಮಾನದ ಲಿಪಿ ಯಾವುದಕ್ಕೂ ಜಗ್ಗಲಿಲ್ಲ.

ಗೈಡ್ ನಿಧಾನವಾಗಿ ಬಿಡಿಸಿ ಹೇಳಿದರು. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಅಪ್ಪ ಮಗ ಇಬ್ಬರೂ ಇಲ್ಲಿಗೆ ಬಂದು ಕೆತ್ತಿ, ಊರು, ಹೆಸರು, ಬಿರುದು ಎಲ್ಲ ಬರೆದುಹೋಗಿದ್ದಾರೆ. ಮೈಕೆಲೆಂಜೆಲೊ ಜೀವಮಾನದಲ್ಲಿ ಸಹಿ ಹಾಕಿದ್ದು ರೋಮಿನ ‘ಪಿಯೆತಾ’ ಒಂದಕ್ಕೇ ಎಂಬುದನ್ನು ಅಲ್ಲಿಗೇ ಹೋಗಿ ತಿಳಿದುಕೊಂಡು ಬಂದಿದ್ದ ಷೆಂಗೆನ್ ಇದಕ್ಕೆ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು “ಬಿರುದೂ ಹಾಕ್ಕೊಂಡಿದಾರಾ? ಲಿಂಕ್ಡ್‌ಇನ್ ಇದು” ಎಂದ. ಇಡೀ ದಿನ ಅವನು ಆಡಿದ ಮಾತುಗಳಲ್ಲಿ ಸ್ವಂತದ್ದು ಅದೊಂದೇ.

ಅಂಗಳದ 42 ಅಡಿಯ ದೀಪಸ್ತಂಭದ ಹತ್ತಿರ ಹಳೆಯ ಹುಮ್ಮಸ್ಸು ಮರಳಿತು. ಜರ್ಮನ್ ಹುಡುಗನ ಕೈಗೆ ಫೋನ್ ಕೊಟ್ಟು, ದೂರ ನಿಲ್ಲಿಸಿ, ಪೀಸಾದ ಭಂಗಿಯಲ್ಲೇ ಅಂಗೈ ಚಾಚಿ ಕಂಬಕ್ಕೆ ಒರಗಿದ. ಪೇಟೆ ಬೀದಿಯವರೆಗೂ ಕೇಳುವಂತೆ ಗೈಡ್ ಕೂಗಿದರು:

“ತಳ್ಳಬೇಡಿ ಸಾರ್! ಇದಕ್ಕೆ ನಿಜವಾಗ್ಲೂ ಅಡಿಪಾಯ ಇಲ್ಲ!”

ಆಮೇಲೆ ಒಂದು ಕಾಗದವನ್ನು ಕಂಬದ ಬುಡದ ಒಂದು ಮೂಲೆಯ ಸಂದಿಯಲ್ಲಿ ತೂರಿಸಿ ಎಳೆದು ತೋರಿಸಿದರು. ತನ್ನ ಭಾರದ ಮೇಲೇ ನಿಂತ ಕಂಬವದು. ಷೆಂಗೆನ್ ಎರಡು ಹೆಜ್ಜೆ ಹಿಂದೆ ಸರಿದು, ನೆಟ್ಟಗೆ ಕೈಕಟ್ಟಿ ನಿಂತು ಫೋಟೋ ತೆಗೆಸಿಕೊಂಡ. ಅವನ ಸಂಗ್ರಹದಲ್ಲಿ ಹಿಂದಿನ ಕಟ್ಟಡ ಪೂರ್ತಿ ಕಾಣುವ ಚಿತ್ರ ಇದೇ ಮೊದಲು.

ಹಳೇಬೀಡಿನಲ್ಲಿ ಜುಗಲ್ಬಂದಿಗೆ ಅವಕಾಶವೇ ಆಗಲಿಲ್ಲ, ಏಕೆಂದರೆ ಜರ್ಮನ್ ಹುಡುಗ ಗೋಡೆಯ ಕೆಳಸಾಲಿನ ಆನೆಗಳನ್ನು ಎಣಿಸಲು ಕೂತ. 1,200ಕ್ಕೂ ಮೀರಿ ಇವೆಯೆಂದು ಯಾರೋ ಹೇಳಿದ್ದನ್ನು ಅವನು ಪರೀಕ್ಷಿಸದೆ ಒಪ್ಪುವವನಲ್ಲ. ಹುಡುಗಿ 1311ರ ಮಲಿಕ್ ಕಾಫರನ ದಾಳಿಯ ಬಗ್ಗೆ, ದೋರಸಮುದ್ರದ ಕೋಟೆಯ ಬಗ್ಗೆ ಕೇಳುತ್ತ ಹೋದಳು. ಷೆಂಗೆನ್‌ಗೆ ಹಳೇಬೀಡಿನದು ಎಂದು ಇದ್ದ ನೆನಪು ಏಳನೇ ಕ್ಲಾಸಿನ ಪ್ರವಾಸದ್ದು: ನಂದಿಯ ಮಂಟಪದ ಬಳಿ ತಿಂದ ಚಿತ್ರಾನ್ನ, ಮತ್ತು ಬಸ್ಸಿನಲ್ಲಿ ಅದಕ್ಕೆ ಒದಗಿದ ಗತಿ. ಆನೆ ಮುನ್ನೂರು ದಾಟುವಷ್ಟರಲ್ಲಿ ಅವನು ಎಳನೀರಿನವನ ಹತ್ತಿರ ಕೂತು, ಜರ್ಮನಿಯಲ್ಲಿ ಒಂದು ಕಾಯಿಗೆ ಎಷ್ಟೆಂದು ಹೇಳಿ ಆ ಬಡಪಾಯಿಯ ನಿದ್ದೆ ಕೆಡಿಸುತ್ತಿದ್ದ.

ರಾತ್ರಿ ಊಟವಾದ ಮೇಲೆ ಅತಿಥಿಗಳು ಅಡಿಗೆಮನೆಯ ಫ್ರಿಜ್ ಮುಂದೆ ನಿಂತುಬಿಟ್ಟರು. ಮಗ ಊರೂರಿನಿಂದ ತಂದ ಅಯಸ್ಕಾಂತದ ಗೊಂಬೆಗಳೆಲ್ಲ ಅಲ್ಲಿವೆ. ಬ್ರಸೆಲ್ಸಿನದು ಬತ್ತಲೆ ನಿಂತು ಉಚ್ಚೆ ಹೊಯ್ಯುವ ಪುಟ್ಟ ಹುಡುಗನ ಗೊಂಬೆ. ಅಲ್ಲಿಯ ಕಾರಂಜಿಯ ಆ ಪ್ರತಿಮೆಯೇ ಸುಮಾರು 55 ಸೆಂಟಿಮೀಟರ್‌ನದು. ಅದರ ಹಣೆಗೆ ಕುಂಕುಮ, ತಲೆಯ ಮೇಲೆ ಕನಕಾಂಬರ. ಅಜ್ಜಿ ಬಾಲಕೃಷ್ಣನೆಂದು ಇಟ್ಟದ್ದು. ಹುಡುಗಿ ನಗು ತಡೆಯಲಾರದೆ ಅದು ದೇವರಲ್ಲವೆಂದು ಹೇಳಿಸಿದಳು. ಅಜ್ಜಿ ಮೊಮ್ಮಗನ ಮುಖ ನೋಡಿದರು.

“ಅಲಂಕಾರ ಮಾಡಲ್ವಾ ಅವನಿಗೆ?”

“ಮಾಡ್ತಾರೆ ಅಜ್ಜಿ. ಒಂದು ಸಾವಿರಕ್ಕೂ ಜಾಸ್ತಿ ಡ್ರೆಸ್ ಐತೆ. ಬಟ್ಟೆ ಇಡಕ್ಕೇ ಒಂದು ಮ್ಯೂಸಿಯಂ ಮಾಡವ್ರೆ.”

“ಜನ ಬತ್ತಾರಾ?”

“ಜಾತ್ರೆ ಅಷ್ಟು.”

“ಬರೀ ನೀರೇ ಬರೋದಾ ಅವನಿಂದ?”

ಷೆಂಗೆನ್ ಅತಿಥಿಗಳತ್ತ ಒಮ್ಮೆ ನೋಡಿ, ದನಿ ತಗ್ಗಿಸಿದ. “ವಿಶೇಷದ ದಿನ ಒಂದೊಂದ್ಸಲ ಬಾರ್ಲಿದು ಏನೋ ಬಿಡ್ತಾರೆ. ಸುತ್ತ ನಿಂತೋರಿಗೆಲ್ಲ ಲೋಟದಲ್ಲಿ ಹಿಡಿದು ಕೊಡ್ತಾರೆ.”

“ಪ್ರಸಾದನೂ ಐತೆ ಅನ್ನು” ಎಂದು ಅಜ್ಜಿ ಓರೆಯಾಗಿದ್ದ ಕನಕಾಂಬರವನ್ನು ಸರಿಮಾಡಿದರು.