ತಗಡಿನ ಅಮಲು

ಏನ್ ಮಾರಾಯ್ರೇ, ಡೊಂಬಿವಲಿಯ ಒನ್ ಬಿಎಚ್‌ಕೆಯಲ್ಲಿ ಮನುಷ್ಯರಿಗೇ ಜಾಗ ಇಲ್ಲ. ಸೋಫಾದ ಅಡಿಯಲ್ಲಿ ಪೇಪರ್ ಸುತ್ತಿ ಇಟ್ಟಿದ್ದೀರಲ್ಲ, ಅದೇನು? ಹಳೇ ಬಿಯರ್ ಟ್ರೇ ತಾನೇ? (ಮನೆಯವರಿಗೆ ಗೊತ್ತಿಲ್ಲ ಅಂದ್ಕೊಂಡಿದ್ದೀರಿ. ಗುಡಿಸೋದು ಅವರೇ ಅಲ್ವಾ?)

ತಮಾಷೆ ಅಂದ್ರೆ, ನೀವು ಒಂದು ತೊಟ್ಟೂ ಕುಡಿಯೋರಲ್ಲ. ಕಲ್ಯಾಣದ ಶೆಟ್ರ ಪರ್ಮಿಟ್ ರೂಮಲ್ಲೂ ನಿಮ್ಮದು ಲಿಂಬು ಸೋಡಾ. (1949ರ ಪಾನನಿಷೇಧ ಕಾಯ್ದೆ ಈಗಲೂ ಇದೆ, ಕುಡಿಯೋಕೆ ಪರ್ಮಿಟ್ ಬೇಕು. ಆಸೆಪಡೋಕೆ ಬೇಡ.) ಕಣ್ಣು ಮಾತ್ರ ಕೌಂಟರ್ ಹಿಂದಿನ ಹಳೇ ಬಿಯರ್ ಜಾಹೀರಾತಿನ ತಗಡಿನ ಬೋರ್ಡಿನ ಮೇಲೆ. "ಶೆಟ್ರೇ, ರಿನೋವೇಶನ್ ಯಾವಾಗ?" ಅಂತ ಎಷ್ಟು ಅಕ್ಕರೆಯಿಂದ ಕೇಳ್ತೀರಿ! ಪಾಪ, ಅವರು ಟೈಲ್ಸ್ ರೇಟ್ ಹೇಳ್ತಾ ಕೂರ್ತಾರೆ.

ಫಡ್ಕೆ ರೋಡಲ್ಲಿ ಕೊತ್ತಂಬರಿ ಕಟ್ಟಿಗೆ ಜಗಳ ಆಡೋ ನೀವು, ಚೋರ್ ಬಜಾರಿನ ಮಟನ್ ಸ್ಟ್ರೀಟಲ್ಲಿ "ಸಾಬ್, ಅಂಗ್ರೇಜೋಂ ಕೆ ಜಮಾನೇ ಕಾ" ಅಂದ ಕೂಡಲೇ ಜಿಪೇ ತೆಗೀತೀರಿ. ಬೋರ್ಡಿನ ಕೆಳಗಿನ ವಿಳಾಸ ಓದಿದ್ರಾ? ಪಿನ್ ಕೋಡ್ ಇದೆ! ಪಿನ್ ಕೋಡ್ ಬಂದದ್ದೇ 1972ರ ಆಗಸ್ಟ್ 15ಕ್ಕೆ. ಬೆಲೆ ನಯಾ ಪೈಸೆಯಲ್ಲಿದ್ರೆ 1957ರ ಈಚಿನದು. ಆಣೆಯಲ್ಲಿದ್ರೆ ಸ್ವಲ್ಪ ಆಸೆ ಇಟ್ಕೊಳ್ಳಿ. 'ನವಿ ಮುಂಬೈ' ಅಂತ ಇದ್ರೆ? ಆ ಊರು ಕಟ್ಟಿದ ಸಿಡ್ಕೋ ಹುಟ್ಟಿದ್ದೇ 1970ರಲ್ಲಿ, ಮಾರಾಯ್ರೇ.

ಅಸಲಿ ಎನಾಮೆಲ್ ಬೋರ್ಡ್ ಅಂದ್ರೆ ಪೇಂಟ್ ಅಲ್ಲ, ಗಾಜು. ಉಕ್ಕಿನ ತಗಡಿಗೆ ಗಾಜಿನ ಪುಡಿ ಹಚ್ಚಿ, 800 ಡಿಗ್ರಿ ಆಸುಪಾಸಿನ ಕುಲುಮೆಯಲ್ಲಿ ಕರಗಿಸಿ, ಬಣ್ಣ ಬಣ್ಣಕ್ಕೂ ಮತ್ತೆ ಸುಟ್ಟದ್ದು. ಕಣ್ಣು ಮುಚ್ಚಿ ಉಗುರು ಆಡಿಸಿ, ಅಕ್ಷರದ ಅಂಚು ತಾಗ್ಬೇಕು. ಮೊಳೆಯ ತೂತಿನ ಸುತ್ತ ಚಕ್ಕೆ ಎದ್ದು ಕಪ್ಪಾಗಿರ್ಬೇಕು. ತೂತು ನುಣ್ಣಗಿದ್ದು ತುಕ್ಕು ಮಾತ್ರ ಎಲ್ಲಾ ಕಡೆ ಒಂದೇ ಸಮ ಇದ್ರೆ ಅದು ಹೋದ ಮಳೆಗಾಲದ ತುಕ್ಕು! ಟ್ರೇ ಆದ್ರೆ ತಗಡಿನ ಮೇಲೆ ಅಚ್ಚು ಹಾಕಿದ್ದು. ಬಾರಲ್ಲಿ ದುಡಿದ ಟ್ರೇಗೆ ನಡುವಲ್ಲಿ ಗ್ಲಾಸ್ ಎಳೆದಾಡಿದ ಗೀರು ಇರ್ಲೇಬೇಕು. ಅಂಚು ಮಾತ್ರ ಸವೆದು ನಡು ಫಳಫಳ ಅಂದ್ರೆ ಅನುಮಾನ ಪಡಿ.

ಇನ್ನು ನೆಂಟರೆದುರು ನಿಮ್ಮ ಭಾಷಣ: "ಯುಬಿ ನಮ್ಮವರು ಕಟ್ಟಿದ್ದು!" ಸ್ವಲ್ಪ ತಡೀರಿ. 1915ರಲ್ಲಿ ದಕ್ಷಿಣದ ಐದು ಬ್ರೂವರಿ ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದವ ಥಾಮಸ್ ಲೀಶ್‌ಮನ್, ಸ್ಕಾಟ್ಲೆಂಡಿನವ. ಬಂಟ್ವಾಳ ಮೂಲದ ವಿಠಲ ಮಲ್ಯ ಅಧ್ಯಕ್ಷರಾದದ್ದು 1948ರಲ್ಲಿ. ಅಲ್ಲಿಂದ ಬೇಕಾದ್ರೆ ಎದೆ ತಟ್ಟಿಕೊಳ್ಳಿ. (ನಿಮ್ಮ ತಳೋಜಾದಲ್ಲೇ ಅದರ ಬ್ರೂವರಿ ಇದೆ. ಗೇಟಿನ ಬೋರ್ಡ್ ಮೇಲೆ ಮಾತ್ರ ಕಣ್ಣು ಹಾಕ್ಬೇಡಿ.)

ಮುಂದಿನ ಸಲ ಮೊದಲು ಬೋರ್ಡಿನ ಬೆನ್ನು ನೋಡಿ, ಆಮೇಲೆ ಪರ್ಸು. ಮನೆಗೆ ತಂದ ಖುಷಿಯಲ್ಲಿ ಪಿತಾಂಬರಿ ಹಾಕಿ ತಿಕ್ಕಿಬಿಟ್ಟೀರಿ ಮತ್ತೆ! ಅದು ಹಿತ್ತಾಳೆಗೆ. ಅಚ್ಚಿನ ಟ್ರೇಗೆ ಮೆತ್ತನೆಯ ಒಣ ಬಟ್ಟೆ ಸಾಕು.